ಎವರೇಜ್ ಸಾಹೇಬರ ಹಿಂದಿನ ಸೀಟು

ನನ್ನ ಮೊಮ್ಮಗಳು ಗಾಡಿ ಕಲಿತಿದ್ದಾಳೆ. ಗೇರು ಇರುವ ದೊಡ್ಡ ಗಾಡಿ. ಶಹಾಪುರದ ನಮ್ಮ ಓಣಿಯಿಂದ ದಿನಾ ಬೆಳಿಗ್ಗೆ ವಡಗೇರಾದ ಕಚೇರಿಗೆ ಅದರ ಮೇಲೆ ಹೋಗುತ್ತಾಳೆ, ಸಂಜೆ ಅದರ ಮೇಲೆಯೇ ತಿರುಗಿ ಬರುತ್ತಾಳೆ. ಇದನ್ನು ನಾನು ಕಾಯಿಪಲ್ಯೆ ಮಾರುವವಳಿಗೆ ಹೇಳಿದ್ದೇನೆ, ಗಿರಣಿಯವನಿಗೆ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಗುರುತಿಲ್ಲದ ಹೆಣ್ಣುಮಗಳೊಬ್ಬಳಿಗೂ ಹೇಳಿದ್ದೇನೆ. ಆಕೆ ಕೇಳಿರಲಿಲ್ಲ, ಆದರೂ ಹೇಳಿದೆ. ಇಷ್ಟು ಸಂತೋಷವನ್ನು ಒಬ್ಬಳೇ ಹೊಟ್ಟೆಯೊಳಗೆ ಇಟ್ಟುಕೊಂಡರೆ ಅಜೀರ್ಣವಾಗುತ್ತದೆ.

ಮೊನ್ನೆ ತಲೆ ಬಾಚಿಕೊಳ್ಳುತ್ತ ಅವಳು ಒಂದು ಮಾತು ಹೇಳಿದಳು. "ಆಯಿ, ಬಂಕಿನಾಗೂ ಕೇಳ್ತಾರ, ಆಫೀಸಿನಾಗೂ ಕೇಳ್ತಾರ, ಎವರೇಜ್ ಎಷ್ಟ್ ಬರ್ತದಂತ. ನಾ ಒಮ್ಮಿನೂ ನೋಡಿಲ್ಲ ನೋಡು."

ಎವರೇಜ್ ಅಂದರೆ, ಒಂದು ಲೀಟರಿನಲ್ಲಿ ಗಾಡಿ ಎಷ್ಟು ದೂರ ಹೋಗುತ್ತದೆ ಅನ್ನುವುದು. ಅವಳು ಹೇಳಿ ಹೋದಳು. ನಾನು ಅಕ್ಕಿ ಆರಿಸುವುದನ್ನು ಬಿಟ್ಟು ಒಬ್ಬಳೇ ಕುಳಿತು ನಕ್ಕೆ. ಎವರೇಜ್ ನೋಡದೆ ಗಾಡಿ ಓಡಿಸುವ ಹುಡುಗಿ ನಮ್ಮ ಓಣಿಯಲ್ಲೇ ಹುಟ್ಟಿದ್ದಾಳೆ ಎಂದು ಗೊತ್ತಾಗಿದ್ದರೆ, ನಮ್ಮ ಗೋಡೆಯಾಚೆ ಬಾಡಿಗೆಗೆ ಇದ್ದ ಆ ಮನುಷ್ಯ ಎರಡು ದಿನ ಊಟ ಬಿಡುತ್ತಿದ್ದರು. ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಬದುಕಿದ್ದರೆ ಈ ಹೊತ್ತಿಗೆ ನಮ್ಮ ಅಂಗಳಕ್ಕೆ ಬಂದು, ಮೊಮ್ಮಗಳ ಗಾಡಿಯ ಗಾಲಿಯನ್ನು ಬೆರಳಿನಿಂದ ಒತ್ತಿ ನೋಡಿ, ಅವಳಿಗೆ ಒಂದು ಪಾಠ ಮಾಡಿಯೇ ಹೋಗುತ್ತಿದ್ದರು.

ಅವರನ್ನು ಊರೆಲ್ಲ ಎವರೇಜ್ ಸಾಹೇಬರು ಅನ್ನುತ್ತಿತ್ತು. ಎದುರಿಗೇ ಅನ್ನುತ್ತಿತ್ತು. ಅವರಿಗೆ ಅದು ಸರ್ಕಾರ ಕೊಟ್ಟ ಬಿರುದಿನಂತೆ ಹಿತವಾಗಿತ್ತು.

ಆಗ ನಮ್ಮ ಕಡೆ ಕಾಲುವೆಗೆ ನೀರು ಬಂದ ಹೊಸತು. ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಗಾಡಿಗಳು ಬಂದವು. ಅಲ್ಲಿಯತನಕ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಊರು ಮೋಟಾರ್ ಸೈಕಲ್ಲಿಗೆ ಎಣ್ಣೆ ಹಾಕಲು ಕಲಿಯಿತು. ನಮ್ಮ ಮನೆಯವರು ಕಾಲುವೆಯ ಗೇಟು ಕಾಯುವ ಕೆಲಸದಲ್ಲಿದ್ದರು. ಸಾಹೇಬರು ಯಾದಗಿರಿಯ ಒಂದು ಕಚೇರಿಯಲ್ಲಿ ಗುಮಾಸ್ತರು. ಮನೆ ಶಹಾಪುರದಲ್ಲಿ, ಕುರ್ಚಿ ಯಾದಗಿರಿಯಲ್ಲಿ, ನಡುವೆ ದೋರನಹಳ್ಳಿ, ನಾಯ್ಕಲ್, ಭೀಮಾ ನದಿಯ ಸೇತುವೆ. ಈ ದಾರಿಯನ್ನು ಅವರು ದಿನಾ ಗಾಡಿಯ ಮೇಲೆ ಹೋಗಿ ಬರುತ್ತಿದ್ದರು. ಬೇರೆಯವರು ಕಚೇರಿಗೆ ಹೋಗಲೆಂದು ಗಾಡಿ ಇಟ್ಟುಕೊಂಡಿದ್ದರು. ಇವರು ಗಾಡಿ ಓಡಿಸಲು ಒಂದು ನೆಪ ಇರಲೆಂದು ಕಚೇರಿ ಇಟ್ಟುಕೊಂಡಿದ್ದರು.

ಆ ಗಾಡಿಯ ಹಿಂದಿನ ಸೀಟು ಯಾವಾಗಲೂ ಖಾಲಿ. ಅದರ ಮೇಲೆ ಕೂಡಬೇಕು ಅನ್ನುವ ಆಸೆ ಲೋಕದಲ್ಲಿ ಒಬ್ಬಳಿಗೆ ಮಾತ್ರ ಇತ್ತು. ಅವಳು ಅವರ ಹೆಂಡತಿ ನೀಲಮ್ಮ. ತವರು ಸುರಪುರ. ಪಂಚಮಿ ಹಬ್ಬಕ್ಕೆ ಅವಳ ಅಕ್ಕಂದಿರೆಲ್ಲ ಗಂಡಂದಿರ ಗಾಡಿಯ ಹಿಂದೆ ಕುಳಿತು, ಸೆರಗು ಹಾರಿಸುತ್ತ ತವರಿನ ಓಣಿಗೆ ಬರುತ್ತಿದ್ದರು. ಇವಳೊಬ್ಬಳು ಬಸ್ ಸ್ಟ್ಯಾಂಡಿನಿಂದ ಚೀಲ ಹೊತ್ತು ನಡೆದು ಬರಬೇಕು. ಗಾಡಿಯ ಮೇಲೆ ಇಬ್ಬರು ಕುಳಿತರೆ ಎವರೇಜ್ ಬೀಳುತ್ತದೆ ಅನ್ನುವುದು ಸಾಹೇಬರ ಸಿದ್ಧಾಂತ. ಮದುವೆಯಾದ ಹೊಸತಿನಲ್ಲಿ ಒಮ್ಮೆ ಅದನ್ನು ಅವಳಿಗೆ ಬಿಡಿಸಿ ಹೇಳಿದ್ದರಂತೆ. ಅವತ್ತಿನಿಂದ ಅವಳು ಕೇಳುವುದನ್ನು ಬಿಟ್ಟಿದ್ದಳು. ನೀನೇ ಒಮ್ಮೆ ಬಾಯಿ ಬಿಟ್ಟು ಕೇಳಬಾರದೇನೇ ಎಂದು ನಾನು ಅಂದಾಗ ಅವಳು ಹೇಳಿದ್ದು ಇಷ್ಟೇ: "ಕೇಳಿ ಕುಂದ್ರೋ ಸೀಟ್ ನನಗ ಬ್ಯಾಡ ಅಕ್ಕಾ. ಅವರ ಬಾಯಿಲೆ 'ಹತ್ತು' ಅಂದ ದಿನಾನೇ ಹತ್ತಾಕಿ."

ಆ ಒಂದು ಮಾತು ಸಾಹೇಬರ ಬಾಯಿಂದ ಬರುತ್ತದೋ ಇಲ್ಲವೋ ಎಂದು ನಾವಿಬ್ಬರೂ ಗೋಡೆಯ ಆಚೆ ಈಚೆ ನಿಂತು ವರ್ಷಗಟ್ಟಲೆ ಕಾದೆವು. ಅವರಿಗೆ ಪುರುಸೊತ್ತು ಇರಲಿಲ್ಲ, ಪ್ರಯೋಗಗಳಲ್ಲಿ ಮುಳುಗಿದ್ದರು.

ಮನುಷ್ಯ ಎತ್ತರ, ಬಡಕಲು. ಗಾಳಿಗೆ ಅಡ್ಡ ಬರಬಾರದೆಂದು ದೇವರೇ ಯೋಚನೆ ಮಾಡಿ ಮಾಡಿದಂತಿದ್ದರು. ಅದೂ ಸಾಲದೆಂದು ಗಾಡಿ ಹತ್ತಿದ ಕೂಡಲೇ ಬೆನ್ನು ಬಗ್ಗಿಸಿ, ಗದ್ದವನ್ನು ಪೆಟ್ರೋಲಿನ ಟಾಕಿಯ ತನಕ ಇಳಿಸಿ ಹೋಗುತ್ತಿದ್ದರು. ದೂರದಿಂದ ನೋಡಿದವರಿಗೆ ಗಾಡಿಯ ಮೇಲೆ ಯಾರೋ ಅಂಗಿ ಒಣಹಾಕಿದ್ದಾರೆ ಅನ್ನಿಸುತ್ತಿತ್ತು. ಕನ್ನಡಿಗಳನ್ನು ಎಂದೋ ಬಿಚ್ಚಿ ಇಟ್ಟಿದ್ದರು, ಅವು ಗಾಳಿ ಹಿಡಿಯುತ್ತವಂತೆ. ಹಿಂದಿನಿಂದ ಲಾರಿ ಬಂದರೆ ಏನು ಮಾಡುತ್ತೀರಿ ಎಂದು ನಮ್ಮ ಮನೆಯವರು ಕೇಳಿದರು. "ಹಿಂದ ಇರೋದು ಹಿಂದೇ ಇರ್ತದ್ರಿ, ಅದನ್ನ ನೋಡಿ ಏನ್ ಮಾಡೋದದ" ಅಂದರು. ಹಾರ್ನನ್ನೂ ಮುಟ್ಟುತ್ತಿರಲಿಲ್ಲ. ಹಾರ್ನಿಗೆ ಬ್ಯಾಟರಿ ಬೇಕು, ಬ್ಯಾಟರಿಗೆ ಎಂಜಿನು ಬೇಕು, ಎಂಜಿನಿಗೆ ಪೆಟ್ರೋಲು ಬೇಕು. ಅದಕ್ಕೆ ಬದಲು "ಬಾಜೂ, ಬಾಜೂ" ಎಂದು ತಾವೇ ಕೂಗುತ್ತ ಹೋಗುತ್ತಿದ್ದರು. ದೋರನಹಳ್ಳಿಯ ಆಡುಗಳಿಗೆ ಅವರ ದನಿಯ ಗುರುತಿತ್ತು. ಲಾರಿಯ ಹಾರ್ನಿಗೆ ಅಲುಗದ ಆಡು ಇವರ ಕೂಗಿಗೆ ದಾರಿ ಬಿಡುತ್ತಿತ್ತು.

ಬ್ರೇಕ್ ಹಿಡಿಯುವುದು ಅವರ ಪಾಲಿಗೆ ಅನ್ನ ಚೆಲ್ಲಿದಂತೆ. ಸುಟ್ಟ ಪೆಟ್ರೋಲಿನಿಂದ ಬಂದ ಓಟವನ್ನು ಕಾಲಿನಿಂದ ತುಳಿದು ಕೊಲ್ಲುವುದೇ ಅನ್ನುತ್ತಿದ್ದರು. ನಮ್ಮ ಓಣಿಯ ತಿರುವಿನಲ್ಲೇ ಎಂಜಿನು ಬಂದ್ ಮಾಡಿ, ಉರುಳಿ ಬಂದು, ಬಾಗಿಲ ಕಟ್ಟೆಗೆ ಮುಂದಿನ ಗಾಲಿ ತಾಗಿಸಿ ನಿಲ್ಲುತ್ತಿದ್ದರು. ವರ್ಷಗಟ್ಟಲೆ ಹೀಗೆ ತಾಗಿ ತಾಗಿ ಆ ಕಟ್ಟೆಗೆ ಗಾಲಿಯಷ್ಟೇ ಅಗಲದ ಒಂದು ಗುಳಿ ಬಿದ್ದಿತ್ತು.

ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು ಬಡಿಯಬಾರದೆಂದು ಜೇಬಿನಲ್ಲಿ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಇಟ್ಟುಕೊಂಡು ಹೊರಗೆ ಹೋಗುತ್ತಾರೆ. ಸಾಹೇಬರೂ ಇಟ್ಟುಕೊಳ್ಳುತ್ತಿದ್ದರು. ಒಂದು ತಮ್ಮ ಜೇಬಿನಲ್ಲಿ, ಇನ್ನೊಂದು ಗಾಡಿಯ ಸೀಟಿನ ಕೆಳಗೆ. ಗಾಡಿಗೆ ಬಿಸಿಲು ಬಡಿದರೆ ಎಣ್ಣೆ ತೆಳ್ಳಗಾಗುತ್ತದೆ, ಎಣ್ಣೆ ತೆಳ್ಳಗಾದರೆ ಎವರೇಜ್ ಕುಸಿಯುತ್ತದೆ. ಟಾಕಿಯ ಮೇಲೆ ಒದ್ದೆ ಗೋಣಿತಟ್ಟು ಬೇರೆ. ನೀಲಮ್ಮ ಕುಡಿಯಲು ತಂದ ಕೊಡದ ನೀರನ್ನೇ ಅದಕ್ಕೆ ಚಿಮುಕಿಸಿ ಹೋಗುತ್ತಿದ್ದರು. ಸಂಜೆ ಸೀಟಿನ ಕೆಳಗಿನ ಉಳ್ಳಾಗಡ್ಡಿಯನ್ನು ತೆಗೆದು ಅವಳ ಕೈಗೆ ಕೊಡುತ್ತಿದ್ದರು, ಅವಳು ಅದನ್ನು ಸಾರಿಗೆ ಹಾಕುತ್ತಿದ್ದಳು. ಅವರ ಮನೆಯ ಸಾರಿಗೆ ಪೆಟ್ರೋಲಿನ ಒಂದು ಸಣ್ಣ ವಾಸನೆ ಇರುತ್ತಿತ್ತು. ಉಂಡವರು ಮರೆಯುವಂತಿರಲಿಲ್ಲ.

ಹೀಗೆಲ್ಲ ಹೇಳಿದರೆ ಜಿಪುಣರು ಅನ್ನಿಸಬಹುದು. ಅಲ್ಲ. ಮನೆಗೆ ಬಂದವರಿಗೆ ಚಹಾದ ಜೊತೆ ಊಟವನ್ನೂ ಹಾಕಿಸಿ ಕಳಿಸುವ ಕೈ. ದಾರಿಯಲ್ಲಿ ಯಾರದಾದರೂ ಗಾಡಿ ಕೆಟ್ಟು ನಿಂತಿದ್ದರೆ ತಮ್ಮ ಕೆಲಸ ಬಿಟ್ಟು ಇಳಿದು, ಪ್ಲಗ್ ಬಿಚ್ಚಿ ಒರೆಸಿ, ಅದು ಶುರುವಾಗುವ ತನಕ ಕದಲುತ್ತಿರಲಿಲ್ಲ. ಶುರುವಾದ ಮೇಲೂ ಕದಲುತ್ತಿರಲಿಲ್ಲ, ಉಪದೇಶ ಬಾಕಿ ಇರುತ್ತಿತ್ತು. ಅವರ ಬಿಗಿ ಇದ್ದದ್ದು ಪೆಟ್ರೋಲಿನಲ್ಲಿ ಮಾತ್ರ. ಅದನ್ನು ಅವರು ಉಳಿತಾಯ ಅಂತಲೂ ಅನ್ನುತ್ತಿರಲಿಲ್ಲ, ಶಿಸ್ತು ಅನ್ನುತ್ತಿದ್ದರು.

ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿ ರಿಪೇರಿ ಮಾಡುವ ಒಬ್ಬ ಸಾಬರು ಇದ್ದರು, ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ಪೆಟ್ರೋಲು ಇನ್ನೂ ಕಡಿಮೆ ಬರುವಂತೆ ಸ್ಕ್ರೂ ತಿರುಗಿಸಿ ಕೊಡಿ ಎಂದು ಸಾಹೇಬರು ವಾರಕ್ಕೊಮ್ಮೆ ಅಲ್ಲಿ ಹೋಗಿ ನಿಲ್ಲುತ್ತಿದ್ದರು. ಒಂದು ದಿನ ರಂಜಾನಿನ ಉಪವಾಸದಲ್ಲಿ ಬಾಯಿ ಒಣಗಿಸಿಕೊಂಡು ಕುಳಿತಿದ್ದ ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು ಹೇಳಿದರಂತೆ: "ಅರೇ ಸಾಬ್, ಗಾಡಿಗಿ ಭೀ ರೋಜಾ ಹಿಡಸ್ತೀರಿ ಏನು? ನಾವಾದ್ರ ಸಂಜಿಗಿ ಬಿಡ್ತೀವಿ. ನೀವು ಅದಕ್ಕ ಸಂಜಿಗೂ ಬಿಡಾಕ ಕೊಡವಲ್ರಿ."

ಪ್ರಯೋಗಗಳ ಪೈಕಿ ಕಾಲುವೆಯದ್ದನ್ನು ಹೇಳದಿದ್ದರೆ ನಮ್ಮ ಮನೆಯವರ ಆತ್ಮಕ್ಕೆ ಸಮಾಧಾನವಾಗಲಿಕ್ಕಿಲ್ಲ.

ಒಂದು ಸಂಜೆ ಸಾಹೇಬರು ನಮ್ಮ ಕಟ್ಟೆಗೆ ಬಂದು ಕುಳಿತು, ನೀರು ಎಂದಾದರೂ ಏರು ಹತ್ತುತ್ತದೆಯೇ ಎಂದು ನಮ್ಮ ಮನೆಯವರನ್ನು ಕೇಳಿದರು. ಇಲ್ಲ ಅಂದರು ಇವರು. ಹಾಗಿದ್ದರೆ ಕಾಲುವೆ ಹೋದಲ್ಲೆಲ್ಲ ಇಳಿಜಾರೇ ಇರಬೇಕು ಅಂದರು ಸಾಹೇಬರು. ಹೌದು ಅಂದರು ಇವರು, ಸಾಹೇಬರು ಯಾವ ಬಾವಿಗೆ ಹಾರಲು ಹೊರಟಿದ್ದಾರೋ ತಿಳಿಯದೆ. ಸಾಹೇಬರ ಕಣ್ಣುಗಳು ಹೊಳೆದವು. ಡಾಂಬರು ರಸ್ತೆಯಲ್ಲಿ ಏರು ಇದೆ, ತಗ್ಗು ಇದೆ. ಕಾಲುವೆಯ ದಂಡೆಯ ಮೇಲೆ ಜೀಪು ಓಡಾಡುವ ದಾರಿ ಇದೆ, ಅದು ನೀರಿನ ಜೊತೆಗೇ ಇಳಿಯುತ್ತ ಹೋಗುತ್ತದೆ. ಹರಿಯುವ ಕಡೆಗೆ ಹೊರಟರೆ ಸರ್ಕಾರದ ಇಳಿಜಾರಿನಲ್ಲಿ ಪುಕ್ಕಟೆ ಉರುಳಬಹುದು. ಇಷ್ಟು ದೊಡ್ಡ ಕಾಲುವೆ ತೋಡಿದ ಎಂಜಿನಿಯರುಗಳಿಗೆ ಹೊಳೆಯದ ಉಪಯೋಗ ತಮಗೆ ಹೊಳೆಯಿತೆಂದು ಅವತ್ತು ಎರಡು ರೊಟ್ಟಿ ಹೆಚ್ಚಿಗೆ ಉಂಡರಂತೆ.

ಮರುದಿನ ಬೆಳಿಗ್ಗೆ ದಂಡೆ ಹಿಡಿದು ಹೊರಟರು. ನೀರು ಏರು ಹತ್ತುವುದಿಲ್ಲ, ಆದರೆ ಏರು ಎದುರಾದಾಗ ಸುತ್ತು ಹಾಕುತ್ತದೆ. ಒಂದು ದಿಬ್ಬ ಬಂದರೆ ಅದರ ಹೊಟ್ಟೆಯನ್ನೆಲ್ಲ ಬಳಸಿ, ಬಂದ ಕಡೆಗೇ ಮುಖ ಮಾಡಿ, ಮತ್ತೆ ನೆನಪಾದವರಂತೆ ತಿರುಗಿ ಹೋಗುತ್ತದೆ. ಸಾಹೇಬರೂ ಹಾಗೆಯೇ ಹೋದರು. ಒಂದೇ ಬೇವಿನ ಮರವನ್ನು ಮೂರು ಕಡೆಯಿಂದ ನೋಡಿದೆ ಎಂದು ಅವರೇ ಆಮೇಲೆ ಹೇಳಿದರು. ಯಾದಗಿರಿ ಬರಲಿಲ್ಲ. ಕೊಂಕಲ್ ಕಡೆಯ ಭತ್ತದ ಗದ್ದೆಗಳ ನಡುವೆ ದಾರಿ ಮುಗಿಯಿತು. ನಾಟಿ ಹಚ್ಚುತ್ತಿದ್ದ ಹೆಣ್ಣುಮಕ್ಕಳು ಕಚೇರಿಯ ಸಾಹೇಬರು ಬೆಳೆ ನೋಡಲು ಬಂದಿದ್ದಾರೆಂದು ತಿಳಿದು, ಕೊನೆಯ ಹೊಲಗಳಿಗೆ ನೀರು ಬರುತ್ತಿಲ್ಲವೆಂದು ಸುತ್ತಗಟ್ಟಿ ಜಗಳ ತೆಗೆದರಂತೆ. ಕಚೇರಿ ಮುಟ್ಟುವ ಹೊತ್ತಿಗೆ ಅಲ್ಲಿಯವರು ಊಟ ಮಾಡಿ ಕೈ ತೊಳೆಯುತ್ತಿದ್ದರು.

ಸಂಜೆ ನಮ್ಮ ಮನೆಯವರು ಅವರಿಗೆ ಹೇಳಿದ್ದು ಒಂದೇ ಮಾತು: "ಸಾಹೇಬ್ರ, ನೀರಿಗೇನ್ ಹತ್ತ್ ಗಂಟೇಕ ಆಫೀಸ್ ಅದೇನ್ರಿ?"

ಇಷ್ಟಾದರೂ ನೀಲಮ್ಮನ ಬಸ್ಸಿನ ಪ್ರಯಾಣ ನಿಲ್ಲಲಿಲ್ಲ. ನಿಜ ಹೇಳಬೇಕೆಂದರೆ, ಆ ಬಸ್ಸೇ ಅವರ ದೊಡ್ಡ ಪ್ರಯೋಗವಾಯಿತು. ಪಂಚಮಿಗೆ ಇಬ್ಬರೂ ಸುರಪುರಕ್ಕೆ ಒಂದೇ ಹೊತ್ತಿಗೆ ಹೊರಡುತ್ತಿದ್ದರು. ಬಸ್ಸಿನ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿಯ ತಡೆ ಇರುವುದಿಲ್ಲ ಎಂದು ಅವರು ಕಂಡುಹಿಡಿದಿದ್ದರು. ಹಾಗಾಗಿ ಹೆಂಡತಿ ಬಸ್ಸಿನ ಕೊನೆಯ ಸೀಟಿನಲ್ಲಿ, ಗಂಡ ಆ ಬಸ್ಸಿನ ಹಿಂದೆ ಗಾಡಿಯ ಮೇಲೆ. ಅವಳು ಹಿಂದಿನ ಗಾಜಿನಿಂದ ನೋಡುತ್ತಿದ್ದಳು. ಇವರು ತಲೆ ಬಗ್ಗಿಸಿ, ಬಸ್ಸಿನ ಹೊಗೆಯನ್ನೆಲ್ಲ ನುಂಗುತ್ತ ಬರುತ್ತಿದ್ದರು. ದಂಪತಿಗಳು ಹೀಗೆ ಮುಖಾಮುಖಿಯಾಗಿ, ನಡುವೆ ಒಂದು ಗಾಜು ಇಟ್ಟುಕೊಂಡು, ಹತ್ತಿಗೂಡೂರು ದಾಟಿ ಸುರಪುರ ಸೇರುತ್ತಿದ್ದರು. ತವರಿನ ಓಣಿಗೆ ಅವಳು ಸೀರೆಯ ಅಂಚೂ ಕೊಳೆಯಾಗದೆ ಬರುತ್ತಿದ್ದಳು, ಅಳಿಯ ಮಾತ್ರ ಇದ್ದಿಲಿನ ಗಾಡಿಯಿಂದ ಇಳಿದವರಂತೆ. ಅವಳ ದೊಡ್ಡಕ್ಕ ಎಲ್ಲರ ಮುಂದೆ ಕೇಳಿಬಿಟ್ಟಳಂತೆ: "ಏನ ನೀಲಾ, ನಿನ್ನ ಗಂಡನೋ, ಕೈದಿ ಓಡಿ ಹೋದಾಳಂತ ಬೆನ್ನ ಹತ್ತಿದ ಪೊಲೀಸನೋ?"

ಅದನ್ನು ನನಗೆ ಹೇಳುವಾಗ ನೀಲಮ್ಮ ನಕ್ಕಳು. ನಕ್ಕು, ಸೆರಗಿನಿಂದ ಮೂಗು ಒರೆಸಿಕೊಂಡಳು. ಜೀವಮಾನದಲ್ಲಿ ಒಂದು ಸಲ ಆ ಓಣಿಯನ್ನು ಗಾಡಿಯ ಮೇಲೆ ಹೋಗಿ ಇಳಿದರೆ ಸಾಕು, ಆಮೇಲೆ ಸಾಯುವ ತನಕ ನಡೆದೇ ಹೋಗುತ್ತೇನೆ ಅಂದಳು.

ಮರುವರ್ಷ ಜೋಳದ ರಾಶಿಯಾದ ಮೇಲೆ ಅವಳ ತಾಯಿ ಮಗಳ ಮನೆಗೆಂದು ಒಂದು ಚೀಲ ಬಿಳಿಜೋಳ ಕೊಟ್ಟರು. ತುಂಬು ಚೀಲವಲ್ಲ, ಒಬ್ಬ ಹೆಣ್ಣುಮಗಳ ತೂಕದ್ದು. ಬಸ್ಸಿನ ಮೇಲೆ ಹಾಕಿದರೆ ಕಾಳು ಸೋರುತ್ತದೆಂದು ಅತ್ತೆ ಹಟ ಹಿಡಿದರು, ಅತ್ತೆಯ ಮಾತು ಮೀರಲಾಗದೆ ಸಾಹೇಬರು ಅದನ್ನು ಹಿಂದಿನ ಸೀಟಿನ ಮೇಲೆ ಏರಿಸಿಕೊಂಡರು. ನೀಲಮ್ಮ ಎಂದಿನಂತೆ ಬಸ್ಸಿನಲ್ಲಿ. ಕಚೇರಿಗೆ ಹೊತ್ತಾಗಿತ್ತೆಂದು ಸಾಹೇಬರು ಚೀಲ ಇಳಿಸದೆ ನೇರ ಯಾದಗಿರಿಗೆ ಹೊರಟರು. ಆ ದಾರಿಯಲ್ಲಿ ಒಂದು ಇಳಿಜಾರು ಇದೆ. ದಿನಾ ಅಲ್ಲಿ ಎಂಜಿನು ಬಂದ್ ಮಾಡಿದರೆ ಒಂದು ಹುಣಸೆ ಮರದ ತನಕ ಉರುಳಿ ಗಾಡಿ ನಿಲ್ಲುತ್ತಿತ್ತು. ಅವತ್ತು ಹುಣಸೆ ಮರ ಬಂತು, ಹೋಯಿತು, ಗಾಡಿ ನಿಲ್ಲಲಿಲ್ಲ. ಮುಂದಿನ ಸಣ್ಣ ಸೇತುವೆಯ ತನಕ ಉರುಳಿತು.

ಸಾಹೇಬರು ಗಾಡಿ ನಿಲ್ಲಿಸಿ, ತಿರುಗಿ, ಚೀಲವನ್ನು ನೋಡಿದರಂತೆ. ತೂಕ ಇದ್ದರೆ ಇಳಿಜಾರಿನಲ್ಲಿ ಹೆಚ್ಚು ಉರುಳುತ್ತದೆ. ಇಷ್ಟು ದಿನ ತಮ್ಮ ಸಿದ್ಧಾಂತವೇ ತಲೆಕೆಳಗಾಗಿತ್ತು ಎಂದು ಅವರಿಗೆ ಅನ್ನಿಸಿತು. ಏರಿನಲ್ಲಿ ಅದೇ ತೂಕ ಎಷ್ಟು ಪೆಟ್ರೋಲು ಕುಡಿಯುತ್ತದೆ ಎಂದು ನಮ್ಮ ಮನೆಯವರು ಕೇಳಿದ್ದಕ್ಕೆ, ಏರಿನ ವಿಷಯ ಇನ್ನೂ ಅಧ್ಯಯನದಲ್ಲಿದೆ ಅಂದರು.

ಅವತ್ತಿನಿಂದ ಜೋಳದ ಚೀಲ ದಿನಾ ಯಾದಗಿರಿಗೆ ಹೋಗಿ ಬರತೊಡಗಿತು. ಬೆಳಿಗ್ಗೆ ಹೋಗುತ್ತಿತ್ತು, ಕಚೇರಿಯ ಮುಂದೆ ನೆರಳಿನಲ್ಲಿ ಇರುತ್ತಿತ್ತು, ಸಂಜೆ ಬರುತ್ತಿತ್ತು. ನಿಮ್ಮ ಚೀಲ ಹಾಜರಿ ಹಾಕಿತೇ ಎಂದು ಕಚೇರಿಯವರು ಕೇಳುತ್ತಿದ್ದರಂತೆ. ದೋರನಹಳ್ಳಿಯ ಚಹಾದ ಅಂಗಡಿಯವನು ಎರಡು ಕಪ್ಪು ಇಡುತ್ತಿದ್ದನಂತೆ. ಜೂನಿನಲ್ಲಿ ಮಿರಗದ ಮಳೆ ಶುರುವಾದಾಗ ಸಾಹೇಬರು ಚೀಲಕ್ಕೆ ತಾಡಪತ್ರಿ ಹೊದಿಸಿದರು, ತಾವು ನೆನೆದುಕೊಂಡು ಬಂದರು. ಅದೇ ಮಳೆಯಲ್ಲಿ ನೀಲಮ್ಮ ಸೆರಗನ್ನು ತಲೆಯ ಮೇಲೆ ಹೊದ್ದು ಬಸ್ ಸ್ಟ್ಯಾಂಡಿಗೆ ನಡೆದು ಹೋಗುತ್ತಿದ್ದಳು. ಎದುರಿನಿಂದ ಗಾಡಿ ಬಂತು. ಗಂಡ ನಿಲ್ಲಿಸಲಿಲ್ಲ, ಬ್ರೇಕ್ ಹಿಡಿದರೆ ಓಟ ಸಾಯುತ್ತದೆ. ಹಿಂದಿನ ಸೀಟಿನಲ್ಲಿ ಚೀಲ ಬೆಚ್ಚಗೆ ಕುಳಿತು ಹೋಯಿತು.

ಅವತ್ತು ಅವಳು ನೇರ ನಮ್ಮ ಮನೆಗೆ ಬಂದಳು. ಮೈಯಿಂದ ನೀರು ಇಳಿಯುತ್ತಿತ್ತು. "ನೋಡಕ್ಕ," ಅಂದಳು, "ನನ್ನ ತವರಮನಿ ಜೋಳಕ್ಕ ಇರೋ ಮರ್ಯಾದಿ ತವರಮನಿ ಮಗಳಿಗಿಲ್ಲ."

ನಾನು ಅವಳ ತಲೆ ಒರೆಸಿದೆ. ಅವಳ ಮನೆಯಲ್ಲಿ ಜೋಳ ಮುಗಿದು ಆಗಲೇ ವಾರವಾಗಿತ್ತು. ಅಂಗಡಿಯಿಂದ ತರಿಸಬೇಕು. ತರಿಸುವುದು ಯಾಕೆ, ನಿಮ್ಮ ಮನೆಯ ಬಾಗಿಲಲ್ಲೇ ಚೀಲ ನಿಂತಿದೆಯಲ್ಲ ಎಂದು ಅಂದವಳು ನಾನೇ. ಅದನ್ನು ಈಗಲೂ ಸಂತೋಷದಿಂದ ಹೇಳುತ್ತೇನೆ.

ಚೀಲ ಗಾಡಿಗೆ ಕಟ್ಟಿದ್ದು ಕಟ್ಟಿದಂತೆಯೇ ಇರುತ್ತಿತ್ತು, ಅವರು ಬಿಚ್ಚುತ್ತಿರಲಿಲ್ಲ. ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ನೀಲಮ್ಮ ಮೂಲೆಯ ಹೊಲಿಗೆ ಬಿಚ್ಚಿ, ಒಂದು ಮೊರ ಜೋಳ ತೆಗೆದು, ನಮ್ಮ ಕೊಟ್ಟಿಗೆಯ ಹೊಟ್ಟನ್ನು ಅಷ್ಟೇ ತುಂಬಿ, ಮತ್ತೆ ಹೊಲಿಯುತ್ತಿದ್ದಳು. ಚೀಲ ಎಂದಿನಂತೆ ದುಂಡಗೆ ಇತ್ತು. ಜೋಳ ಗಿರಣಿಗೆ ಹೋಗುತ್ತಿತ್ತು, ಹಿಟ್ಟಾಗಿ ಬರುತ್ತಿತ್ತು, ರೊಟ್ಟಿಯಾಗಿ ಸಾಹೇಬರ ಬುತ್ತಿಗೆ ಸೇರುತ್ತಿತ್ತು. ಹಿಂದಿನ ಸೀಟಿನಲ್ಲಿ ಕುಳಿತು ಹೋಗುತ್ತಿದ್ದದ್ದು ಮೆಲ್ಲಗೆ ಹ್ಯಾಂಡಲ್ಲಿಗೆ ನೇತು ಬಿದ್ದು ಹೋಗತೊಡಗಿತು.

ಇಳಿಜಾರಿನಲ್ಲಿ ಗಾಡಿಯ ಓಟ ದಿನದಿನಕ್ಕೆ ಕಡಿಮೆಯಾಯಿತು. ಸೇತುವೆ ಹೋಯಿತು, ಮತ್ತೆ ಹುಣಸೆ ಮರಕ್ಕೆ ಬಂತು. ಸಾಹೇಬರ ನಿದ್ದೆ ಕೆಟ್ಟಿತು. ಚೈನಿಗೆ ಎಣ್ಣೆ ಬಿಟ್ಟರು, ಗಾಲಿಯ ಬೇರಿಂಗ್ ಬದಲಿಸಿದರು, ಬಂಕಿನವನು ನೀರು ಬೆರೆಸುತ್ತಾನೆಂದು ಜಗಳವಾಡಿ ಬೇರೆ ಬಂಕಿಗೆ ಹೋದರು. ಆಷಾಢದ ಗಾಳಿಯ ಮೇಲೂ ಸಂಶಯ ಬಂತು. ಇಷ್ಟೆಲ್ಲ ಚಿಂತೆಯಲ್ಲಿ ಹಸಿವು ಹೆಚ್ಚಾಗಿ, ಒಂದೊಂದು ರೊಟ್ಟಿ ಜಾಸ್ತಿ ಉಣ್ಣುತ್ತಿದ್ದರು. ಮಳೆಗಾಲದಲ್ಲಿ ಇಷ್ಟು ರುಚಿಯ ಜೋಳ ಯಾವ ಅಂಗಡಿಯದು ಎಂದು ನೀಲಮ್ಮನನ್ನು ಕೇಳಿದರಂತೆ. ಪರಿಚಯದವರದು ಅಂದಳಂತೆ.

ಪಂಚಮಿಯ ಹಿಂದಿನ ದಿನ ಮೇಸ್ತ್ರಿಯ ಅಂಗಡಿಯಲ್ಲಿ ಗಾಡಿಯನ್ನು ಪೂರಾ ಬಿಚ್ಚಿಸಲು ಹೋದರು. ಗಾಡಿ ಬಿಚ್ಚಬೇಕಾದರೆ ಮೊದಲು ಚೀಲ ಇಳಿಸಬೇಕು. ಇಳಿಸಲು ಸಾಹೇಬರು ತೋಳು ಮೇಲೇರಿಸುತ್ತಿರುವಾಗಲೇ ಮೇಸ್ತ್ರಿ ಒಂದೇ ಕೈಯಲ್ಲಿ ಚೀಲವನ್ನು ಎತ್ತಿ, ಬೀಡಿ ಸೇದುತ್ತ, ಗೋಡೆಗೆ ಒರಗಿಸಿ ಇಟ್ಟರು. ಇಟ್ಟ ಮೇಲೆ ಅವರಿಗೂ ಆಶ್ಚರ್ಯವಾಗಿ ಬೆರಳಿನಿಂದ ಚುಚ್ಚಿ ನೋಡಿದರು. ಹೊಟ್ಟು ಹಾರಿತು. ಬಸ್ ಸ್ಟ್ಯಾಂಡಿನ ಜನವೆಲ್ಲ ನಕ್ಕಿದ್ದು ನಮ್ಮ ಓಣಿಯ ತನಕ ಕೇಳಿಸಲಿಲ್ಲ, ಸುದ್ದಿ ಮಾತ್ರ ಸಾಹೇಬರಿಗಿಂತ ಮೊದಲು ಬಂದು ಮುಟ್ಟಿತು.

ಅವರು ಬಂದಾಗ ನಾನು ನೀಲಮ್ಮನ ಒಲೆಯ ಮುಂದೆಯೇ ಕುಳಿತಿದ್ದೆ, ಹಬ್ಬಕ್ಕೆ ಶೇಂಗಾ ಹುರಿದು ಕೊಡಲು ಹೋಗಿದ್ದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಸಾಹೇಬರು ಬಾಗಿಲಲ್ಲಿ ಚೀಲ ಹಿಡಿದು ನಿಂತರು.

"ಇದರಾಗಿನ ಜೋಳ ಎಲ್ಲಿ ಹೋತು?"

ನೀಲಮ್ಮ ತಲೆ ಎತ್ತಲಿಲ್ಲ. "ಮಿರಗದಿಂದ ಇಲ್ಲೀತನಕ ನೀವು ಏನ್ ಉಂಡೀರಿ?"

"ರೊಟ್ಟಿ ಉಂಡೀನಿ."

"ರೊಟ್ಟಿ ಮುಗಿಲಿಂದ ಬೀಳ್ತದೇನ್ರಿ?"

ಅವರು ಚೀಲ ನೋಡಿದರು, ತವೆ ನೋಡಿದರು. ಲೆಕ್ಕ ಕೂಡಿತು. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆ ಅನ್ನುವ ದನಿಯಲ್ಲಿ, ಇಷ್ಟು ದಿನದ ಪ್ರಯೋಗ ಕೆಟ್ಟುಹೋಯಿತಲ್ಲ ಅಂದರು.

"ಎಲ್ಲಿ ಕೆಟ್ಟದ. ಪ್ರಯೋಗ ನಿಮ್ಮ ಹೊಟ್ಟ್ಯಾಗೇ ಅದ" ಅಂದಳು ನೀಲಮ್ಮ.

ಸಾಹೇಬರು ಹೊಸ್ತಿಲ ಮೇಲೆ ಕುಳಿತರು. ನಾಳೆ ಸುರಪುರಕ್ಕೆ ಹೋಗಬೇಕು, ಹಿಂದೆ ತೂಕಕ್ಕೆ ಏನು ಇಡುವುದು ಎಂದು ತಮ್ಮಷ್ಟಕ್ಕೆ ತಾವೇ ಕೇಳಿಕೊಂಡರು. ನಾನು ಶೇಂಗಾ ಹುರಿಯುವುದನ್ನು ನಿಲ್ಲಿಸಿದೆ. ನೀಲಮ್ಮನ ಕೈಯಲ್ಲಿ ಹಿಟ್ಟಿನ ಮುದ್ದೆ ಹಾಗೆಯೇ ಇತ್ತು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಆ ಮನುಷ್ಯ ಬೀಸುವ ಕಲ್ಲನ್ನು ನೋಡಿದರು. ನೀರಿನ ಹಂಡೆಯನ್ನು ನೋಡಿದರು. ಮೂಲೆಯಲ್ಲಿದ್ದ ಉಪ್ಪಿನ ಗಡಿಗೆಯನ್ನೂ ಬಿಡದೆ ನೋಡಿದರು. ಕೊನೆಗೆ, ಬೇರೆ ಏನೂ ಉಳಿಯದಿದ್ದಾಗ, ಅವರ ಕಣ್ಣು ಹೆಂಡತಿಯ ಮೇಲೆ ಬಂದು ನಿಂತಿತು.

"ನೀ ಎಷ್ಟ್ ತೂಕ ಇದ್ದೀ?"

"ಚೀಲಾನ್ನ ಕೇಳಿ ಕುಂದ್ರಿಸಿದ್ರೇನು?"

ಅವರು ಚೀಲದ ಹೊಟ್ಟು ಕೊಡವತೊಡಗಿದರು. ನನಗೆ ಅವರನ್ನು ಆ ಹೊಸ್ತಿಲಿಂದ ಎಬ್ಬಿಸಿ ಬಾಯಿ ಹಿಡಿದು ಆ ಒಂದು ಮಾತು ಹೊರಡಿಸಬೇಕು ಅನ್ನಿಸಿತು. ನೀಲಮ್ಮ ಕಣ್ಣಿನಲ್ಲೇ ನನ್ನನ್ನು ತಡೆದಳು. ಅವಳಿಗೆ ಇನ್ನೊಬ್ಬರು ಹೇಳಿಸಿಕೊಟ್ಟ ಮಾತು ಬೇಕಿರಲಿಲ್ಲ.

ಹಬ್ಬದ ಬೆಳಿಗ್ಗೆ ಅವಳು ಹೊಸ ಇಳಕಲ್ ಸೀರೆ ಉಟ್ಟು, ಉಂಡಿಯ ಡಬ್ಬಿಯನ್ನು ಬಗಲಿಗೆ ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಟಳು. ಓಣಿಯ ತಿರುವಿನ ತನಕ ನಾನು ಜೊತೆಗೆ ಹೋದೆ. ಸಣ್ಣಗೆ ಜಿನುಗುತ್ತಿತ್ತು. ಹಿಂದೆ ಗಾಡಿಯ ಸ್ವಿಚ್ ಹಾಕಿದ ಸದ್ದು, ಕಿಕ್ ಹೊಡೆದ ಸದ್ದು ಬಂತು. ಅವಳು ತಿರುಗಲಿಲ್ಲ. ಗಾಡಿ ನಮ್ಮ ಪಕ್ಕಕ್ಕೆ ಬಂತು. ಮುಂದೆ ಹೋಗಲಿಲ್ಲ. ಮೊದಲನೆಯ ಗೇರಿನಲ್ಲಿ, ಅವಳು ನಡೆದಷ್ಟೇ ಮೆಲ್ಲಗೆ, ಕುಲುಕುತ್ತ ಬರತೊಡಗಿತು. ಮೊದಲನೆಯ ಗೇರಿನಲ್ಲಿ ಗಾಡಿ ಕುಡಿದಷ್ಟು ಪೆಟ್ರೋಲನ್ನು ಇನ್ಯಾವ ಗೇರಿನಲ್ಲೂ ಕುಡಿಯುವುದಿಲ್ಲ ಎಂದು ಇಡೀ ಓಣಿಗೆ ಪಾಠ ಮಾಡಿದವರು ಅವರೇ. ಕಟ್ಟೆಯ ಮೇಲೆ ಕುಳಿತವರು ಎದ್ದು ನಿಂತು ನೋಡಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ತಿರುವಿನಲ್ಲಿ ಸಾಹೇಬರು ಬ್ರೇಕ್ ಹಿಡಿದರು. ಕಾಲು ಊರಿದರು. ಎಂಜಿನು ಬಂದ್ ಮಾಡಲಿಲ್ಲ.

"ಹತ್ತು."

ನೀಲಮ್ಮ ನಿಂತಳು. ನಾನು ಅವಳ ಕಿವಿಯನ್ನು ಬಲ್ಲೆ, ಗೋಡೆಯಾಚೆ ಸಾಸಿವೆ ಸಿಡಿದರೂ ಕೇಳುವ ಕಿವಿ. "ಏನಂದ್ರಿ?"

"ಹತ್ತು ಅಂದೆ."

"ಎವರೇಜ್?"

"ಹತ್ತ್ ಮೊದಲ. ಪೆಟ್ರೋಲ್ ಸುಮ್ಮಸುಮ್ಮನ ಉರಿಯಾಕತ್ತದ."

ಅವಳು ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು, ಸೀರೆ ಸರಿಮಾಡಿಕೊಂಡು ಹತ್ತಿದಳು, ಡಬ್ಬಿಯನ್ನು ತಿರುಗಿ ಇಸಿದುಕೊಂಡಳು. ಹೋಗಿ ಬರ್ತೀನಿ ಅಂತಲೂ ಹೇಳಲಿಲ್ಲ. ನಾನು ಮಳೆಯಲ್ಲಿ ನಿಂತು, ಗಾಡಿ ಕಾಣದಂತಾಗುವ ತನಕ ನೋಡಿದೆ. ಆಮೇಲೆ ಮನೆಗೆ ಬಂದು ಯಾರಿಗೂ ಕಾರಣ ಹೇಳದೆ ಹೋಳಿಗೆ ಮಾಡಿದೆ.

ಸುರಪುರದಲ್ಲಿ ನಡೆದದ್ದನ್ನು ಅವಳು ಬಂದ ಮೇಲೆ ಹೇಳಿದಳು. ಹೋಗುವ ದಾರಿಯ ಒಂದು ಇಳಿಜಾರಿನಲ್ಲಿ ಎಂಜಿನು ಬಂದ್ ಮಾಡಿದಾಗ ಸದ್ದೆಲ್ಲ ನಿಂತು, ಗಾಳಿ ಒಂದೇ ಕೇಳುತ್ತಿತ್ತಂತೆ. ಆವಾಗ ಸಾಹೇಬರು ಹಿಂದೆ ನೋಡದೆಯೇ, ಚಳಿಯಾಗುತ್ತಿದೆಯೇನು ಎಂದು ಕೇಳಿದರಂತೆ. ಇಲ್ಲ ಅಂದಳಂತೆ. ಚಳಿ ಆಗುತ್ತಿತ್ತಂತೆ. ತವರಿನ ಓಣಿಯಲ್ಲಿ ಎಲ್ಲರೂ ಹೊರಗೆ ಬಂದು ನೋಡಿದರು, ದೊಡ್ಡಕ್ಕ ಮಾತ್ರ ಒಳಗೆ ಉಂಡಿ ಕಟ್ಟುತ್ತಿದ್ದಳು. ನೀಲಮ್ಮ ಇಳಿಯಲಿಲ್ಲ. ಗಂಡನ ಬೆನ್ನಿಗೆ ಬೆರಳು ಒತ್ತಿ, ಇನ್ನೊಂದು ಸುತ್ತು ಹೊಡೆಯಿರಿ ಅಂದಳು. ಅವರು ಓಣಿಯ ತುದಿಯ ತನಕ ಹೋಗಿ, ತಿರುಗಿಸಿಕೊಂಡು ಬಂದರು. ಅಷ್ಟು ಹೊತ್ತಿಗೆ ದೊಡ್ಡಕ್ಕ ಬಾಗಿಲಿಗೆ ಬಂದಿದ್ದಳು. ಆಗ ಇಳಿದಳು.

ಹಬ್ಬ ಮುಗಿಸಿ ಇಬ್ಬರೂ ಗಾಡಿಯ ಮೇಲೆಯೇ ಶಹಾಪುರಕ್ಕೆ ಬಂದರು. ಅದರ ಮುಂದಿನ ವಾರವೂ ಅವಳನ್ನು ಹಿಂದೆ ಕೂರಿಸಿಕೊಂಡು ಸಂತೆಗೆ ಹೋದರು. ಅದರ ಮುಂದಿನ ವಾರವೂ ಹೋದರು. ಓಣಿಯವರಿಗೆ ಇದನ್ನು ಹೇಗೆ ಅರಗಿಸಿಕೊಳ್ಳಬೇಕೋ ತಿಳಿಯಲಿಲ್ಲ. ಕೊನೆಗೆ ನಾನೇ ಧೈರ್ಯ ಮಾಡಿ, ಒಂದು ಸಂಜೆ ಅವರು ಗಾಡಿ ಒರೆಸುತ್ತಿದ್ದಾಗ ಕೇಳಿದೆ. ಮನೆಯಲ್ಲಿ ಈಗ ಇನ್ನೊಂದು ಜೋಳದ ಚೀಲ ಬಂದಿದೆ, ತೂಕವೂ ಅಷ್ಟೇ ಇದೆ, ಮತ್ತೆ ಅದನ್ನೇ ಯಾಕೆ ಕೂರಿಸುತ್ತಿಲ್ಲ ಎಂದೆ.

ಸಾಹೇಬರು ಒರೆಸುವುದನ್ನು ನಿಲ್ಲಿಸಿ ಗಂಭೀರವಾಗಿ ಯೋಚಿಸಿದರು. ಒಳಗೆ ನೀಲಮ್ಮನ ಬಳೆಯ ಸದ್ದು ನಿಂತಿತು.

"ಚೀಲಕ್ಕ ಹಗ್ಗ ಬೇಕ್ರಿ ಅಕ್ಕಾರ," ಅಂದರು. "ಈಕಿ ತಾನೇ ಹಿಡ್ಕೋತಾಳ."